ಮರವಾದ ಮೇಲೂ ಬಗ್ಗೀತು

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂಬ ಗಾದೆಯು ಅಧ್ಯಾಪಕರ ಕೊಠಡಿಗಳಲ್ಲಿ ಎಷ್ಟು ಬಾರಿ ಉಚ್ಚರಿತವಾಗುತ್ತದೆಯೋ ಲೆಕ್ಕವಿಟ್ಟವರಿಲ್ಲ. ಒಂಬತ್ತನೆಯ ತರಗತಿಗೆ ಬಂದರೂ ಒತ್ತಕ್ಷರ ತಪ್ಪುವ ಹುಡುಗನ ಪ್ರಸ್ತಾಪ ಬಂದೊಡನೆ ಯಾರಾದರೊಬ್ಬರು ಈ ಮಾತನ್ನಾಡಿ ನಿಟ್ಟುಸಿರು ಬಿಡುತ್ತಾರೆ. ಅಲ್ಲಿಗೆ ಆ ಹುಡುಗನ ವಿಚಾರ ಮುಗಿಯುತ್ತದೆ. ಗಾದೆಯನ್ನು ವೇದಕ್ಕೆ ಸಮಾನವೆಂದು ಮನ್ನಿಸುವವರಲ್ಲಿ ನಾನೂ ಒಬ್ಬ. ಆದರೆ ಎಳೆಯದರಲ್ಲಿಯೇ ತಿದ್ದಿರೆಂಬ ಎಚ್ಚರಿಕೆಯಾಗಿ ಹುಟ್ಟಿದ ಮಾತು, ಬೆಳೆದವನನ್ನು ಕೈಬಿಡುವುದಕ್ಕೆ ಅಪ್ಪಣೆಯಾಗಕೂಡದು. ಒಣಗಿದ ಮರವೂ ಬಗ್ಗುತ್ತದೆ. ಬಿಲ್ಲು ಮಾಡುವವರಿಗೆ ಇದು ನಿತ್ಯಾನುಭವದ ಸಂಗತಿ. ಆ ವಿದ್ಯೆಯ ಒಂದು ಸಣ್ಣ ಪ್ರಕರಣವನ್ನು ಇಲ್ಲಿ ನಿವೇದಿಸಿ, ಅದಕ್ಕೆ ಶಾಲೆಯಲ್ಲಿ ಎಡೆ ದೊರೆಯಬೇಕೆಂಬ ನನ್ನ ಅಭಿಪ್ರಾಯವನ್ನು ವಾಚಕರ ಮುಂದಿಡುತ್ತೇನೆ.

ಹಸಿಮರದಿಂದ ಸೀಳಿ ತೆಗೆದ ಕೋಲು ಒಣಗುವಾಗ ಡೊಂಕಾಗುವುದು ಸ್ವಭಾವಸಿದ್ಧವಾದುದು. ತೇವಾಂಶವು ಶೇಕಡಾ 30ರ ಆಸುಪಾಸಿಗಿಂತ ಕೆಳಗಿಳಿದಂತೆ ಮರ ಕುಗ್ಗತೊಡಗುತ್ತದೆ. ಉದ್ದಕ್ಕೆ ಕುಗ್ಗುವುದು ಅತ್ಯಲ್ಪ, ಅಡ್ಡಕ್ಕೇ ಹೆಚ್ಚು. ಅದರಲ್ಲಿಯೂ ವರ್ಷವಲಯಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಈ ಅಸಮತೆಯ ಫಲವಾಗಿ ಕೋಲು ಒಂದೆಡೆ ಪಕ್ಕಕ್ಕೆ ವಾಲುತ್ತದೆ, ಇನ್ನೊಂದೆಡೆ ತಿರುಚಿಕೊಳ್ಳುತ್ತದೆ. ತುದಿಗಳಿಗೆ ಮೇಣ ಬಳಿದು ನೆರಳಿನಲ್ಲಿ ಒಣಗಿಸಿದರೆ ಬಿರುಕು ತಪ್ಪೀತು. ಡೊಂಕು ಪೂರ್ತಿಯಾಗಿ ತಪ್ಪದು.

ಮೊದಲ ಬಾರಿಗೆ ಬಿಲ್ಲು ಮಾಡುವವನ ಕೈ ಆಗ ಕೀಸುಳಿಯ ಕಡೆಗೆ ಹೋಗುತ್ತದೆ. ಉಬ್ಬಿದ್ದನ್ನು ಕೀಸಿದರೆ ಕೋಲು ನೋಟಕ್ಕೆ ನೇರವಾಗುವುದು ನಿಜ. ಆದರೆ ಒಳಗಿನ ನಾರು ನೇರವಾಗಿರುವುದಿಲ್ಲ. ಕೀಸಿದೆಡೆಯಲ್ಲಿ ಅದು ತುಂಡಾಗಿರುತ್ತದೆ. ಹೆದೆಯನ್ನು ಸೆಳೆದಾಗ ಬಿಲ್ಲಿನ ಬೆನ್ನು, ಎಂದರೆ ಗುರಿಯ ಕಡೆಗಿರುವ ಮೈ, ಅಲ್ಲಿಯೇ ಸಿಗುರೆದ್ದು ಮುರಿಯುತ್ತದೆ. ಬಲ್ಲವನು ಕೀಸುವ ಮೊದಲು ಅಳೆಯುತ್ತಾನೆ. ಒಂದು ಕೊಪ್ಪಿನಿಂದ ಇನ್ನೊಂದು ಕೊಪ್ಪಿಗೆ ದಾರ ಹಿಡಿದು ನೋಡುತ್ತಾನೆ. ದಾರವು ಹಿಡಿಯ ನಡುವೆ ಹಾದರೆ, ನಡುನಡುವೆ ಕೋಲು ಹಾವಿನಂತೆ ಬಳುಕಿದ್ದರೂ ಅದರಿಂದ ಒಳ್ಳೆಯ ಬಿಲ್ಲಾಗುತ್ತದೆ. ದಾರವು ಹಿಡಿಯ ಹೊರಗೆ ಬಿದ್ದರೆ ಬಿಲ್ಲು ಕೈಯಲ್ಲಿ ತಿರುಗಿಕೊಳ್ಳುತ್ತದೆ. ಆ ಡೊಂಕನ್ನು ತಿದ್ದಲೇಬೇಕು. ತುದಿಗಳು ಬೆನ್ನಿನ ಕಡೆಗೆ ತುಸು ಬಾಗಿದ್ದರೆ ಅದು ದೋಷವೇ ಅಲ್ಲ, ಬಿಲ್ಲಿನ ಬಲವನ್ನು ಹೆಚ್ಚಿಸುವ ಗುಣ.

ತಿದ್ದಬೇಕಾದುದನ್ನು ತಿದ್ದುವ ಉಪಾಯ ಶಾಖ. ಮರದ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ದ್ರವ್ಯವು ಕಾದಾಗ ಮೆದುವಾಗಿ, ಆರಿದಾಗ ಮತ್ತೆ ಗಟ್ಟಿಯಾಗುತ್ತದೆ. ಹಬೆಯಲ್ಲಿಡುವುದಾದರೆ ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ಗಂಟೆಯ ಕಾಲವೆಂಬುದು ಬಡಗಿಗಳ ಲೆಕ್ಕ. ಕೆಂಡದ ಮೇಲೆ ಹಿಡಿಯುವುದಾದರೆ ಎಣ್ಣೆ ಸವರಿ, ಸೀಯದಂತೆ ತಿರುವುತ್ತ, ಶಾಖವು ಒಳತಿರುಳಿಗೆ ಇಳಿಯುವವರೆಗೆ ಕಾಯಬೇಕು. ಅನಂತರ ದಪ್ಪ ಹಲಗೆಗೆ ಬಿಗಿದು, ಬೆಣೆಯಿಟ್ಟು, ಬೇಕಾದುದಕ್ಕಿಂತ ಕೂದಲೆಳೆಯಷ್ಟು ಹೆಚ್ಚಾಗಿ ಬಾಗಿಸಬೇಕು; ಬಿಟ್ಟೊಡನೆ ಮರವು ತುಸು ಹಿಂದಕ್ಕೆ ಬರುವುದು ನಿಶ್ಚಿತ. ಪೂರ್ತಿ ಆರುವವರೆಗೆ ಕಟ್ಟನ್ನು ಬಿಚ್ಚಕೂಡದು. ಬಿಚ್ಚಿದ ಮೇಲೂ ಕೆಲವು ದಿನ ಹೆದೆಯೇರಿಸದೆ ವಿಶ್ರಾಂತಿ ಕೊಡಬೇಕು. ಹಬೆ ಕುಡಿದ ಮರದ ತೇವ ಆರಬೇಕು, ಕೆಂಡಕ್ಕೆ ಹಿಡಿದದ್ದು ಕಳೆದುಕೊಂಡ ತೇವವನ್ನು ಗಾಳಿಯಿಂದ ಮರಳಿ ಪಡೆಯಬೇಕು. ತಣ್ಣಗಿದ್ದಾಗ ಬಲಾತ್ಕಾರ ಮಾಡಿದವನಿಗೆ ದೊರೆಯುವುದು ಎರಡು ತುಂಡು ಸೌದೆ ಮಾತ್ರ.

ಬಿಲ್ಲಿಗೂ ಬೋಧನೆಗೂ ನಂಟು ಕಲ್ಪಿಸುವುದು ನನ್ನೊಬ್ಬನ ಕಲ್ಪನೆಯೇನಲ್ಲ. ಇಂಗ್ಲೆಂಡಿನ ರೋಜರ್ ಆಸ್ಕಂ ಎಂಬ ವಿದ್ವಾಂಸನು 1545ರಲ್ಲಿ 'ಟಾಕ್ಸೋಫಿಲಸ್' ಎಂಬ ಬಿಲ್ವಿದ್ಯೆಯ ಗ್ರಂಥವನ್ನು ಪ್ರಕಟಿಸಿದನು. ಬಿಲ್ಲಿನ ಪ್ರೇಮಿಗೂ ವಿದ್ಯೆಯ ಪ್ರೇಮಿಗೂ ನಡೆಯುವ ಸಂವಾದವೇ ಆ ಕೃತಿ. ಮುಂದೆ ರಾಣಿಯಾದ ಎಲಿಜಬೆತ್ತಳಿಗೆ ಆತನು ಗುರುವಾಗಿದ್ದನು. 1563ರಲ್ಲಿ, ಏಟಿನ ಭಯದಿಂದ ಈಟನ್ ಶಾಲೆಯ ಕೆಲವು ಹುಡುಗರು ಓಡಿಹೋದರೆಂಬ ಸುದ್ದಿ ಅರಮನೆಯ ಭೋಜನಕೂಟದಲ್ಲಿ ಚರ್ಚೆಗೆ ಬಂದಿತು. ಆ ಚರ್ಚೆಯಿಂದ ಹುಟ್ಟಿದ 'ಸ್ಕೂಲ್‌ಮಾಸ್ಟರ್' ಎಂಬ ಗ್ರಂಥವು ಆತನ ಮರಣಾನಂತರ 1570ರಲ್ಲಿ ಪ್ರಕಟವಾಯಿತು. ಮೃದುತ್ವದಿಂದ ಕಲಿಸಬೇಕು, ಹೊಡೆತದಿಂದಲ್ಲವೆಂಬುದು ಅದರ ಸಾರ. ಬಿಲ್ಲನ್ನು ಬಲ್ಲ ಗುರುವು ಬೆತ್ತವನ್ನು ಖಂಡಿಸಿದ್ದು ನನಗೆ ಆಕಸ್ಮಿಕವೆಂದು ತೋರುವುದಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರ ಮೊದಲಾದವರ ಬಳಿ ಕಲಿಯಬೇಕೆಂದು ಸೂಚಿಸಿತು. ಆ ನೀತಿಯ ಪರವಿರೋಧಗಳೇನೇ ಇರಲಿ, ಈ ಒಂದು ಮಾತು ಗ್ರಾಹ್ಯವಾದುದು. ಹತ್ತು ದಿನಗಳಲ್ಲಿ ಹಸಿಮರ ಒಣಗದೆಂಬ ಆಕ್ಷೇಪಕ್ಕೆ ಪರಿಹಾರವುಂಟು. ಈ ವರ್ಷದ ಮಕ್ಕಳು ಸೀಳಿ ಒಟ್ಟಿದ ಕೋಲನ್ನು ಬರುವ ವರ್ಷದವರು ತಿದ್ದಲಿ. ಅವರು ತಮ್ಮ ಹಿಂದೆ ಬರುವವರಿಗಾಗಿ ಸೀಳಿಡಲಿ. ತಾನು ಕಾಣದ ತಮ್ಮನಿಗೆ ಮರ ಒಣಗಿಸಿಟ್ಟ ಹುಡುಗನಿಗೆ ಪರೋಪಕಾರದ ಪಾಠವನ್ನು ಬೇರೆ ಹೇಳಬೇಕಾಗಿಲ್ಲ.

ಬಿಲ್ಲು ಹಿಂಸೆಯ ಸಾಧನವಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಉಚಿತವಾದುದೇ. ಆದರೆ ಇಲ್ಲಿ ನಾನು ಕೇಳುತ್ತಿರುವುದು ಬಾಣವನ್ನಲ್ಲ. ಹೆದೆಯೇರಿಸಿದ ಬಿಲ್ಲು ಎರಡು ತೋಳುಗಳಲ್ಲಿಯೂ ಸಮವಾಗಿ ಬಾಗಿದ್ದನ್ನು ಕಂಡ ದಿನವೇ ಪಾಠ ಮುಗಿಯಿತು. ಅನಂತರ ಅದು ಗೋಡೆಯ ಮೇಲಿದ್ದರೂ ನಷ್ಟವಿಲ್ಲ. ಬೆಂಕಿಯ ಭಯಕ್ಕೆ ನುರಿತ ಬಡಗಿಯ ಮತ್ತು ಅಧ್ಯಾಪಕರ ಸಾನ್ನಿಧ್ಯವೇ ಉತ್ತರ. ಪರೀಕ್ಷೆಗೆ ಅಡ್ಡಿಯೆಂಬ ವಾದವನ್ನು ನಾನು ಒಪ್ಪಲಾರೆ. ಯಾವ ಡೊಂಕನ್ನು ತಿದ್ದಬೇಕು, ಯಾವುದನ್ನು ಹಾಗೆಯೇ ಬಿಡಬೇಕು ಎಂಬ ವಿವೇಕವು ವ್ಯಾಕರಣ ಬೋಧಿಸುವ ನಮಗೂ ನಿತ್ಯ ಬೇಕಾದುದು. ಮಗುವಿನ ಮನೆಮಾತಿನ ಬಳುಕು ದೋಷವಲ್ಲ; ಅರ್ಥವು ಹಿಡಿಯ ಹೊರಗೆ ಬೀಳುವಂಥ ತಪ್ಪು ದೋಷ. ಇವೆರಡನ್ನೂ ಒಂದೇ ಕೆಂಪು ಶಾಯಿಯಿಂದ ಕೀಸುವವನು ನಾರನ್ನು ಕತ್ತರಿಸುತ್ತಾನೆ.

ಆದುದರಿಂದ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನದೊಂದು ವಿನಂತಿ. ಕೊಠಡಿಗಳಿಗೆ ನೀವು ಧಾರಾಳವಾಗಿ ಕೊಟ್ಟಿದ್ದೀರಿ. ಇನ್ನು ಮರ ಒಣಗಿಸುವುದಕ್ಕೆ ನಾಲ್ಕು ಕಂಬದ ಒಂದು ಚಪ್ಪರವನ್ನೂ, ವರ್ಷಕ್ಕೆ ಹತ್ತು ದಿನ ಊರಿನ ಬಡಗಿಯೊಬ್ಬರಿಗೆ ಗುರುವಿನ ಸ್ಥಾನವನ್ನೂ ತಕ್ಕ ಸಂಭಾವನೆಯನ್ನೂ ಒದಗಿಸಿಕೊಡಿ. ಅಕ್ಷರದಲ್ಲಿ ಹಿಂದುಳಿದ ಹುಡುಗನೊಬ್ಬನು ಒಣಮರವನ್ನು ತನ್ನ ಕೈಯಾರೆ ತಿದ್ದಿ ನಿಲ್ಲಿಸಿದ ಮೇಲೆ, ಆ ಗಾದೆಯನ್ನು ಅವನ ಎದುರಿನಲ್ಲಿ ಆಡುವ ಧೈರ್ಯ ನಮ್ಮಲ್ಲಿ ಯಾರಿಗೂ ಬಾರದು.