ಹಸಿ ಕಸದಿಂದ ವಿದ್ಯುತ್: ಸಾಧ್ಯವೇನೋ ಹೌದು, ಎಷ್ಟು?

ಹೋಟೆಲು, ಕಲ್ಯಾಣ ಮಂಟಪಗಳಲ್ಲಿ ಉಳಿದ ಆಹಾರದಿಂದ ನೇರವಾಗಿ ವಿದ್ಯುತ್ ಪಡೆಯಬಹುದೆಂಬ ಮಾತು ಆಗಾಗ್ಗೆ ಕೇಳಿಬರುತ್ತದೆ. ಇದು ಕಟ್ಟುಕಥೆಯಲ್ಲ. ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಎಂ.ಸಿ. ಪಾಟರ್, ಸೂಕ್ಷ್ಮಜೀವಿಗಳಿಂದ ವಿದ್ಯುತ್ ಹೊಮ್ಮುವುದನ್ನು 1911ರಲ್ಲಿಯೇ ತೋರಿಸಿದ್ದರು. 2015ರ ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲಿ ಮೂತ್ರವನ್ನೇ ಉಣ್ಣುವ ಇಂತಹ ಕೋಶಗಳು ಶೌಚಾಲಯದ ದೀಪಗಳನ್ನು ಬೆಳಗಿಸಿದವು.

ಸೂಕ್ಷ್ಮಜೀವಿ ಇಂಧನ ಕೋಶದ ತತ್ವ ಸರಳ. ಜಿಯೋಬ್ಯಾಕ್ಟರ್‌ನಂತಹ ಬ್ಯಾಕ್ಟೀರಿಯಾಗಳು ಆಮ್ಲಜನಕವಿಲ್ಲದ ಕಡೆ ಆಹಾರವನ್ನು ಜೀರ್ಣಿಸಿ, ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ಇಂಗಾಲದ ವಿದ್ಯುದ್ವಾರಕ್ಕೆ ಒಪ್ಪಿಸುತ್ತವೆ. ಅವು ತಂತಿಯ ಮೂಲಕ ಇನ್ನೊಂದು ವಿದ್ಯುದ್ವಾರಕ್ಕೆ ಹರಿದು, ಆಮ್ಲಜನಕದೊಡನೆ ಸೇರಿ ನೀರಾಗುತ್ತದೆ. ಆದರೆ ಈ ಜೀವಿಗಳಿಗೆ ಅನ್ನದ ಅಗುಳು ನೇರವಾಗಿ ದಕ್ಕದು. ಅದನ್ನು ಅರೆದು, ದೋಸೆ ಹಿಟ್ಟಿನಂತೆ ಹುದುಗಿಸಿ, ಸಣ್ಣ ಆಮ್ಲಗಳಾಗಿ ಒಡೆದ ನಂತರವೇ ಅವು ಉಣ್ಣಬಲ್ಲವು. ಹುಳಿ ಮಿತಿಮೀರಿದರೆ ಅವೇ ಸೊರಗುತ್ತವೆ. ಮೀಥೇನ್ ಉತ್ಪಾದಿಸುವ ಜೀವಿಗಳೂ ಅದೇ ತುತ್ತಿಗೆ ಪೈಪೋಟಿ ನಡೆಸುತ್ತವೆ.

ಲೆಕ್ಕ ಬಿಗಿಯಾಗುವುದು ಇಲ್ಲಿಯೇ. ಒಂದು ಕೋಶದ ವೋಲ್ಟೇಜು ಸಾಮಾನ್ಯವಾಗಿ 1 ವೋಲ್ಟ್‌ಗಿಂತ ಕಡಿಮೆ. ಪ್ರಯೋಗಾಲಯದಲ್ಲಿಯೇ ಒಂದು ಚದರ ಮೀಟರ್ ವಿದ್ಯುದ್ವಾರದಿಂದ ದೊರೆಯುವುದು ಹೆಚ್ಚೆಂದರೆ ಕೆಲವೇ ವ್ಯಾಟ್. ತೊಟ್ಟಿ ದೊಡ್ಡದಾದಂತೆ ಅದೂ ಕುಸಿಯುತ್ತದೆ. 9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬಿಗೆ ಹಲವು ಚದರ ಮೀಟರ್ ಬೇಕು. ಇತ್ತ, ಒಂದು ಟನ್ ಹಸಿ ಕಸದಿಂದ ಸುಮಾರು 100 ಘನ ಮೀಟರ್ ಜೈವಿಕ ಅನಿಲ ದೊರೆಯುತ್ತದೆ. ಅದರಲ್ಲಿ ಜನರೇಟರ್ ನಡೆಸಿದರೆ ಅಂದಾಜು 150ರಿಂದ 200 ಯೂನಿಟ್ ವಿದ್ಯುತ್ ಉತ್ಪಾದಿಸಬಹುದು.

ಈ ಹಳೆಯ ತಂತ್ರಜ್ಞಾನವೇ ಬೆಂಗಳೂರಿನಲ್ಲಿ ಎಡವಿದೆ. ಮಹಾನಗರ ಪಾಲಿಕೆ ವಾರ್ಡುಗಳಲ್ಲಿ ಸ್ಥಾಪಿಸಿದ ತಲಾ 5 ಟನ್ ಸಾಮರ್ಥ್ಯದ ಅನಿಲ ಘಟಕಗಳಲ್ಲಿ ಹಲವು ಸ್ಥಗಿತಗೊಂಡವು. ವಿಂಗಡಿಸದ ಕಸ, ನಿರ್ವಹಣೆಯ ಕೊರತೆ ಇದಕ್ಕೆ ಮುಖ್ಯ ಕಾರಣಗಳು. ಪ್ಲಾಸ್ಟಿಕ್ ಬೆರೆತ ಕಸವನ್ನು ಅನಿಲ ಘಟಕವೇ ಅರಗಿಸಿಕೊಳ್ಳದಿರುವಾಗ, ಅದಕ್ಕಿಂತ ನಾಜೂಕಾದ ಇಂಧನ ಕೋಶದ ಗತಿ ಊಹಿಸುವುದು ಕಷ್ಟವಲ್ಲ. ಯಾವುದೇ ನಗರಾಡಳಿತ ಇದನ್ನು ವಿದ್ಯುತ್ ಯೋಜನೆಯೆಂದು ಘೋಷಿಸಿದರೆ ಅನುಮಾನಿಸುವುದೇ ಲೇಸು.

ಹಾಗೆಂದು ಈ ಸಂಶೋಧನೆ ವ್ಯರ್ಥವಲ್ಲ. ಕೊಳಚೆ ನೀರಿನ ಸಂಸ್ಕರಣಾ ಘಟಕಗಳಲ್ಲಿ ಬಳಕೆಯಾಗುವ ವಿದ್ಯುತ್ತಿನ ಅರ್ಧದಷ್ಟು ನೀರಿಗೆ ಗಾಳಿಯೂದುವುದಕ್ಕೇ ವೆಚ್ಚವಾಗುತ್ತದೆ. ಇಂಧನ ಕೋಶದ ಬ್ಯಾಕ್ಟೀರಿಯಾಗಳಿಗೆ ಆ ಗಾಳಿ ಬೇಡ. ಉಳಿಯುವ ಕೆಸರೂ ಕಡಿಮೆ. ಹಾಲಿನ ಡೇರಿ, ಬಿಯರ್ ಕಾರ್ಖಾನೆಗಳ ತ್ಯಾಜ್ಯ ನೀರಿನ ಮೇಲೆ ಪ್ರಯೋಗಗಳು ನಡೆದಿರುವುದು ಈ ಉಳಿತಾಯದ ಆಸೆಯಿಂದಲೇ.