ಹಸಿ ಕಸಕ್ಕೆ ಗಂಟು ಹಾಕುವವರಲ್ಲಿ ಒಂದು ಮನವಿ

ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಸರಿ, ಬೆಳಿಗ್ಗೆ ಕಸದ ಗಾಡಿ ಬರುವ ಹೊತ್ತಿಗೆ ಹೊರಗೆ ನಿಂತು ನೋಡಿ. ಮೊನ್ನೆ ನಮ್ಮ ಬೀದಿಯಲ್ಲಿ ಪೌರಕಾರ್ಮಿಕರೊಬ್ಬರು ಬಿಗಿಯಾಗಿ ಗಂಟು ಹಾಕಿದ್ದ ಕಪ್ಪು ಕವರನ್ನು ಬರಿಗೈಯಲ್ಲಿ ಹರಿದರು. ಹಳಸಿದ ಸಾರು, ಅನ್ನ, ಬಾಳೆಸಿಪ್ಪೆ, ಅದರ ನಡುವೆ ಡೈಪರ್, ಒಡೆದ ಲೋಟ. ಗಾಜು ಹೆಬ್ಬೆರಳಿಗೆ ಹೊಕ್ಕಿತು. ಸೆರಗಿನ ತುದಿ ಒತ್ತಿ ಹಿಡಿದುಕೊಂಡೇ ಆ ತಾಯಿ ಮುಂದಿನ ಕವರಿಗೆ ಕೈ ಹಾಕಿದರು.

ಆ ಗಂಟು ಹಾಕಿದ್ದು ಯಾರು? ಸರ್ಕಾರವೇ? ಗುತ್ತಿಗೆದಾರರೇ? ಅವರ ತಪ್ಪುಗಳನ್ನು ಎಷ್ಟು ಬೇಕಾದರೂ ಎಣಿಸೋಣ. ಗಂಟು ಹಾಕಿದ ಕೈ ಮಾತ್ರ ನಮ್ಮದು, ಓದಿದವರದು. ಇದನ್ನು ನಾನು ಕ್ಷಮಿಸಲಾರೆ.

ನಮ್ಮ ನಗರದ ಕಸವನ್ನು ಸುರಿದ ಮಾವಳ್ಳಿಪುರ, ಮಂಡೂರಿನ ಕತೆ ನಿಮಗೆ ಹೊಸದಲ್ಲ. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿ ನಮ್ಮ ಬೀದಿಗಳಲ್ಲೇ ಕಸ ಗುಡ್ಡೆಬಿದ್ದಾಗ ಮೂಗು ಮುಚ್ಚಿಕೊಂಡೆವು. 2014ರಲ್ಲಿ ಮಂಡೂರಿನವರು ಬೀದಿಗಿಳಿದಾಗ ಟಿವಿಯಲ್ಲಿ ನೋಡಿದೆವು. ಆ ಊರುಗಳ ಗಾಳಿ, ನೀರು ಕೆಡಿಸಿದ್ದರಲ್ಲಿ ನಮ್ಮ ಅಡುಗೆಮನೆಯ ಪಾಲು ದೊಡ್ಡದು. ಗಾಳಿಯಾಡುವಲ್ಲಿ ಬಿದ್ದಿದ್ದರೆ ತಾನೇ ಮಣ್ಣಾಗುತ್ತಿದ್ದ ಸಿಪ್ಪೆ ಪ್ಲಾಸ್ಟಿಕ್ಕಿನೊಳಗೆ ಉಸಿರುಗಟ್ಟಿ ಕೊಳೆಯುತ್ತದೆ, ಮೀಥೇನ್ ಬಿಡುತ್ತದೆ. ಅದರ ಕಪ್ಪು ರಸ ಬ್ಯಾಟರಿ, ಬಣ್ಣದ ಡಬ್ಬಿಗಳ ವಿಷವನ್ನೂ ಸೇರಿಸಿಕೊಂಡು ನೆಲಕ್ಕಿಳಿಯುತ್ತದೆ. ಯಾರದೋ ಬಾವಿಗೆ!

ಕಸ ಬೇರ್ಪಡಿಸಿ ಕೊಡಿ ಎಂದು 2016ರ ನಿಯಮವೇ ಹೇಳಿತು. ನಮ್ಮ ಉತ್ತರ: ಟೈಮಿಲ್ಲ, ಜಾಗವಿಲ್ಲ, ವಾಸನೆ, ಹುಳ. ನಮ್ಮ ಅಜ್ಜಿಯರ ಹಿತ್ತಲಲ್ಲಿ ತಿಪ್ಪೆ ಇತ್ತು, ದೀಪಾವಳಿಗೆ ಅದರ ಮೇಲೂ ಒಂದು ದೀಪ ಇಡುತ್ತಿದ್ದರು. ನಾವು ಹೊಂಗೆ ಎಲೆಯನ್ನು ಫುಟ್‌ಪಾತಿನಲ್ಲಿ ಗುಡ್ಡೆ ಹಾಕಿ ಸುಡುತ್ತೇವೆ, ಸಿಪ್ಪೆಯನ್ನು ಹಳ್ಳಿಯವರ ತಲೆಗೆ ಕಟ್ಟುತ್ತೇವೆ, ಆಮೇಲೆ ಬಾಲ್ಕನಿಯ ಗುಲಾಬಿಗೆ ದುಡ್ಡು ಕೊಟ್ಟು ಗೊಬ್ಬರದ ಚೀಲ ತರುತ್ತೇವೆ. ನಾಚಿಕೆಯಾಗಬೇಡವೇ?

ಆ ಗೊಬ್ಬರವನ್ನು ಮನೆಯಲ್ಲೇ ಮಾಡಬಹುದು. ವಾಸನೆ ಬರುವುದು ನೀರು ಹೆಚ್ಚಾಗಿ, ಗಾಳಿ ಸಾಲದಾದಾಗ. ಇನ್ನೆರಡು ಹಿಡಿ ಒಣ ಎಲೆ ಹಾಕಿ ಕೆದಕಿದರೆ ಅಡಗುತ್ತದೆ. ಬೇಕಾದ್ದು ಪಕ್ಕಕ್ಕೂ ತಳಕ್ಕೂ ತೂತು ಕೊರೆದ ಒಂದು ಹಳೇ ಬಕೆಟ್ಟು, ಅದಕ್ಕೊಂದು ಮುಚ್ಚಳ, ಒಂದು ಚೀಲ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ, ಶುರುವಿಗೆ ಒಂದು ಸೌಟು ಹುಳಿ ಮಜ್ಜಿಗೆ. ದಿನದ ಸಿಪ್ಪೆ ಹಾಕಿ, ಕಾಣದಂತೆ ಎಲೆ ಮುಚ್ಚಿ. ಬಕೆಟ್ಟು ತುಂಬಿದ ಮೇಲೆ ಎರಡು ಮೂರು ತಿಂಗಳಿಗೆ ಒಳಗಿನದು ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ಮಣ್ಣಿನಂತೆ ಘಮ್ಮೆನ್ನುತ್ತದೆ. ಕೈಯಲ್ಲಿ ಹಿಡಿದು ನೋಡಿ, ಹೇಸಿಗೆಯೆನಿಸುವುದಿಲ್ಲ. ನೋಡಿಯೇ ಕಲಿಯಬೇಕೆನ್ನುವವರಿಗೆ ಎಚ್‌ಎಸ್‌ಆರ್ ಬಡಾವಣೆಯಲ್ಲಿ ಸ್ವಚ್ಛಗ್ರಹ ಕಲಿಕಾ ಕೇಂದ್ರವಿದೆ.

ಇಷ್ಟೂ ಆಗದೆಂದರೆ ಹಸಿ ಕಸವನ್ನು ಕವರಿಲ್ಲದೆ ಬಕೆಟ್ಟಿನಲ್ಲೇ ಕೊಡಿ, ಕೈಮುಗಿಯುತ್ತೇನೆ. ಅದೂ ಆಗದೆಂದರೆ, ನಾಳೆ ಇನ್ನೊಂದು ಹಳ್ಳಿಯವರು ಕಸದ ಲಾರಿಗೆ ಅಡ್ಡ ಮಲಗಿದಾಗ ಅವರ ವಿರುದ್ಧ ಬಾಯಿ ತೆರೆಯುವ ಹಕ್ಕು ನಮಗಿಲ್ಲ. ಬಕೆಟ್ಟಿಗೆ ತೂತು ಕೊರೆಯುವುದಕ್ಕೆ ಭಾನುವಾರದ ತನಕ ಕಾಯಬೇಡಿ.