ದೆವ್ವ ಕಾಣಿಸುವುದೇ ಇಲ್ಲ, ಆದರೂ ಹೆದರಿದೆವು

ಬ್ರಿಟನ್ನಿನ ಬಿಬಿಸಿ 1963ರಲ್ಲಿ ಶುರುಮಾಡಿದ ‘ಡಾಕ್ಟರ್ ಹೂ’ ಸರಣಿಯ ‘ಮಿಡ್‌ನೈಟ್’ ಕಂತು 2008ರದು. ಬರೆದವರು ರಸೆಲ್ ಟಿ. ಡೇವಿಸ್. ಬೇರೊಂದು ಗ್ರಹದಲ್ಲಿ ಪ್ರವಾಸಿಗರ ಬಂಡಿ ಕೆಟ್ಟು ನಿಲ್ಲುತ್ತದೆ. ಹೊರಗಿನಿಂದ ಏನೋ ಬಡಿದ ಸದ್ದು. ಬಳಿಕ ಒಬ್ಬ ಹೆಂಗಸು ಎಲ್ಲರ ಮಾತನ್ನೂ ಹಾಗೇ ತಿರುಗಿ ಹೇಳತೊಡಗುತ್ತಾಳೆ. ಅಷ್ಟೇ. ಭೂತದ ಮುಖ ಕೊನೆವರೆಗೂ ಕಾಣುವುದಿಲ್ಲ.

ನಮ್ಮನ್ನು ನಡುಗಿಸಿದ್ದು ಸಹಪ್ರಯಾಣಿಕರು. ಮೊದಲು ನಗುತ್ತಾ ಹರಟಿದವರೇ ಭಯ ಹತ್ತಿದ ಮೇಲೆ ಡಾಕ್ಟರನನ್ನು ಹೊರಗೆಸೆಯಲು ಎಳೆದಾಡುತ್ತಾರೆ. ಅವನನ್ನು ಉಳಿಸಿದ್ದು ತನ್ನ ಪ್ರಾಣ ಕೊಟ್ಟ ಪರಿಚಾರಕಿ. ಆಕೆಯ ಹೆಸರೇನೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ!

ಬರೀ ಮಾತಿನ ಕಂತು ಎಂದು ಕೆಲವರಿಗೆ ಅನಿಸಬಹುದು. ನಮ್ಮ ಪ್ರಕಾರ ಅದೇ ಅದರ ಬಲ. ಮೊಬೈಲಿಗೆ ಬಂದ ವದಂತಿ ನಂಬಿ ಅಪರಿಚಿತನನ್ನು ಸುತ್ತುವರಿಯುವ ಮುನ್ನ ಈ ಕಂತು ನೆನಪಾಗಲಿ.